ಎಬೋಲಾ: ಕಾಲುದಾರಿಯಲ್ಲಿ ಗಡಿ ದಾಟಿದ ಪಿಡುಗು

ಎಬೋಲಾ ಗಾಳಿಯಲ್ಲಿ ಹರಡುವ ರೋಗವಲ್ಲ. ರೋಗಿಯ ರಕ್ತ, ವಾಂತಿ, ಭೇದಿ ಮುಂತಾದ ದೇಹದ್ರವಗಳು ಇನ್ನೊಬ್ಬರ ಕಣ್ಣು, ಬಾಯಿ ಅಥವಾ ಗಾಯಕ್ಕೆ ತಗುಲಿದಾಗ ಅಂಟುವ ಸೋಂಕಾದ್ದರಿಂದ ಹಾಸಿಗೆ ಹಿಡಿದವರ ಆರೈಕೆ ಮಾಡುವವರು, ಅವರ ಬಟ್ಟೆ ಒಗೆಯುವವರು, ಸತ್ತವರ ಮೈ ತೊಳೆಯುವವರು ಮೊದಲು ಅದಕ್ಕೆ ತುತ್ತಾಗುತ್ತಾರೆ. 2013ರ ಕೊನೆಯಲ್ಲಿ ಪಶ್ಚಿಮ ಆಫ್ರಿಕಾದ ಗಿನಿ ದೇಶದ ಮೆಲಿಯಾಂಡು ಹಳ್ಳಿಯಲ್ಲಿ ಕಾಣಿಸಿಕೊಂಡ ಕಾಯಿಲೆ ಎಬೋಲಾ ಎಂದು ಖಚಿತವಾಗುವಷ್ಟರಲ್ಲಿ 2014ರ ಮಾರ್ಚ್ ತಿಂಗಳು ಬಂದಿತ್ತು. 2016ರಲ್ಲಿ ಪಿಡುಗು ಅಡಗುವ ವೇಳೆಗೆ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ 28,600ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು, 11,300ಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದರು.

ಈ ಮೂರು ದೇಶಗಳು ಕೂಡುವ ಕಾಡುಸೀಮೆಯಲ್ಲಿ ವಾಸಿಸುವ ಕಿಸ್ಸಿ ಜನಾಂಗದವರಿಗೆ ವಸಾಹತುಗಾರರು ಎಳೆದ ಗಡಿರೇಖೆ ದಿನನಿತ್ಯದ ಬದುಕಿನಲ್ಲಿ ಹೆಚ್ಚಿನದೇನೂ ಅಲ್ಲ. ಸಂತೆಗೆ, ಮದುವೆಗೆ, ಮದ್ದಿಗೆ, ಮಣ್ಣಿಗೆ ಅವರು ಆಚೀಚೆ ನಡೆದಾಡುತ್ತಲೇ ಇರುತ್ತಾರೆ. ಸಿಯೆರಾ ಲಿಯೋನ್‌ನ ಕೈಲಾಹುನ್ ಜಿಲ್ಲೆಯಲ್ಲಿ, ಗಿನಿಯಿಂದ ಬಂದ ರೋಗಿಗಳಿಗೆ ಮದ್ದು ಕೊಡುತ್ತಿದ್ದ ನಾಟಿವೈದ್ಯೆಯೊಬ್ಬರು ಇದೇ ರೋಗದಿಂದ ಸತ್ತಾಗ, ಅವರ ಅಂತ್ಯಕ್ರಿಯೆಗೆ ಸೇರಿದ್ದ ಹೆಂಗಸರ ಮೂಲಕವೇ ಸೋಂಕು ಆ ದೇಶದೊಳಗೆ ಬೇರುಬಿಟ್ಟಿತು.

ಸಾವಿನ ಹೊತ್ತಿಗೆ ರೋಗಿಯ ಮೈಯಲ್ಲಿ ವೈರಾಣು ಅತಿ ಹೆಚ್ಚಾಗಿರುತ್ತದೆ. ಆದರೆ ಶವಕ್ಕೆ ಸ್ನಾನ ಮಾಡಿಸದೆ ಕಳುಹಿಸುವುದು ಬಂಧುಗಳಿಗೆ ಸತ್ತವರಿಗೆ ಬಗೆದ ದ್ರೋಹವಾಗಿ ಕಂಡಿತು. ಮುಖವೂ ಕಾಣದಂತೆ ಬಿಳಿ ಉಡುಪು ತೊಟ್ಟ ತಂಡಗಳು ಹೆಣವನ್ನು ಚೀಲಕ್ಕೆ ಹಾಕಿ ಒಯ್ಯತೊಡಗಿದ ಮೇಲೆ ಜನ ರೋಗಿಗಳನ್ನೇ ಬಚ್ಚಿಟ್ಟರು, ಗುಟ್ಟಾಗಿ ಹೂಳಿದರು; ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ವಿಶ್ವ ಆರೋಗ್ಯ ಸಂಸ್ಥೆಯು ಕ್ರೈಸ್ತ ಮತ್ತು ಮುಸ್ಲಿಂ ಧರ್ಮಗುರುಗಳೊಂದಿಗೆ ಸಮಾಲೋಚಿಸಿ 2014ರ ನವೆಂಬರಿನಲ್ಲಿ ಹೊರಡಿಸಿದ ನಿಯಮಾವಳಿಯು, ನೀರಿನ ಸ್ನಾನದ ಬದಲು ಇಸ್ಲಾಮಿನಲ್ಲಿ ಮೊದಲೇ ಇರುವ ನೀರಿಲ್ಲದ ಶುದ್ಧೀಕರಣಕ್ಕೆ, ಕಫನ್ ಎಂಬ ಶವವಸ್ತ್ರ ಹೊದಿಸುವುದಕ್ಕೆ, ದೂರ ನಿಂತು ಪ್ರಾರ್ಥಿಸುವುದಕ್ಕೆ ಅವಕಾಶ ಕಲ್ಪಿಸಿತು. ತಡವಾಗಿ ಬಂದರೂ ಇದು ಆ ಪಿಡುಗಿನಲ್ಲಿ ಕೈಗೊಂಡ ಅತ್ಯಂತ ವಿವೇಕದ ಕ್ರಮಗಳಲ್ಲೊಂದು.

ಊರಿನ ನೈರ್ಮಲ್ಯದ ಮುಖ್ಯ ಸಾಧನ ತೀರ ಸರಳವಾಗಿತ್ತು. ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ಟಿನ ತಳದ ಬಳಿ ನಲ್ಲಿ ಜೋಡಿಸಿ, ಎತ್ತರದ ಸ್ಟ್ಯಾಂಡಿನ ಮೇಲಿಟ್ಟು, ಕೊಳಕು ನೀರು ಬೀಳಲು ಕೆಳಗೊಂದು ಬೋಗುಣಿ ಇರಿಸಿದರೆ, ನಲ್ಲಿನೀರಿನ ಸೌಕರ್ಯವಿಲ್ಲದ ಕಡೆಯೂ ಹರಿಯುವ ನೀರಿನಲ್ಲಿ ಕೈ ತೊಳೆಯಬಹುದು. ಘಾನಾದ ಜೀವವಿಜ್ಞಾನಿ ವೆರೋನಿಕಾ ಬೆಕೋ ರೂಪಿಸಿದ್ದರಿಂದ ಇದಕ್ಕೆ ‘ವೆರೋನಿಕಾ ಬಕೆಟ್’ ಎಂಬ ಹೆಸರು ಬಂದಿದೆ. ಕೈ ತೊಳೆಯಲು ಲೀಟರಿಗೆ ಅರ್ಧ ಗ್ರಾಂ, ಅಂದರೆ ಶೇ. 0.05ರಷ್ಟು ಕ್ಲೋರಿನ್ ಬೆರೆಸಿದ ನೀರು ಸಾಕು; ರೋಗಿಯ ವಾಂತಿ ಬಿದ್ದ ನೆಲಕ್ಕೆ ಅದರ ಹತ್ತುಪಟ್ಟು ಗಾಢವಾದದ್ದು ಬೇಕು.

ಇತ್ತ ವಿಮಾನ ನಿಲ್ದಾಣಗಳಲ್ಲಿ ಮೈಗೆ ತಾಗಿಸದೆಯೇ ಜ್ವರ ಅಳೆಯುವ ಥರ್ಮಾಮೀಟರ್ ಹಿಡಿದು ತಪಾಸಣೆ ನಡೆಯಿತು. 2014ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಈ ದೇಶಗಳಿಂದ ಹೊರಟ ಸುಮಾರು 80,000 ಪ್ರಯಾಣಿಕರಲ್ಲಿ 77 ಮಂದಿಯನ್ನು ತಡೆಯಲಾಯಿತಾದರೂ, ಅವರಲ್ಲಿ ಯಾರಿಗೂ ಎಬೋಲಾ ಇದ್ದುದಾಗಿ ವರದಿಯಾಗಲಿಲ್ಲ. ಸೋಂಕು ತಗುಲಿದ ದಿನದಿಂದ ಲಕ್ಷಣ ಕಾಣುವವರೆಗಿನ ಸುಪ್ತಾವಧಿ 2ರಿಂದ 21 ದಿನಗಳಷ್ಟಿದ್ದು, ಅಷ್ಟೂ ಕಾಲ ಮೈ ಬಿಸಿಯೇರದ ಕಾರಣ ಈ ಉಪಕರಣವೊಂದನ್ನೇ ನೆಚ್ಚಿಕೊಳ್ಳುವಂತಿರಲಿಲ್ಲ. ಯಾರು ಯಾರ ಆರೈಕೆ ಮಾಡಿದರು, ಯಾರ ಸಾವಿಗೆ ಹೋಗಿಬಂದರು ಎಂಬುದನ್ನು ಊರಿನವರೇ ಹೇಳಬೇಕಿತ್ತು.

ಪೂರ್ವ ಕಾಂಗೋದಲ್ಲಿ 2018ರಿಂದ 2020ರವರೆಗೆ ಇದೇ ರೋಗ ಹಬ್ಬಿದ್ದಾಗ, ಪಕ್ಕದ ಉಗಾಂಡಾ ಈ ಪಾಠವನ್ನು ಮೊದಲೇ ಕಲಿತಿತ್ತು. ಗಡಿಠಾಣೆಗಳಲ್ಲಿ ಕೈ ತೊಳೆಯುವ ಮತ್ತು ಜ್ವರ ಅಳೆಯುವ ವ್ಯವಸ್ಥೆಯಾಗಿದ್ದುದಲ್ಲದೆ, 165 ಆರೋಗ್ಯ ಕೇಂದ್ರಗಳ ಸುಮಾರು 4,700 ಸಿಬ್ಬಂದಿಗೆ ಲಸಿಕೆಯೂ ಸಿಕ್ಕಿತ್ತು. 2019ರ ಜೂನಿನಲ್ಲಿ ಎಬೋಲಾದಿಂದ ಸತ್ತ ಹಿರಿಯರೊಬ್ಬರ ಕುಟುಂಬದವರು ಠಾಣೆಯನ್ನು ತಪ್ಪಿಸಿ ಕಾಲುದಾರಿಯಲ್ಲಿ ಗಡಿ ದಾಟಿದರು. ಆದರೆ ಕಾಂಗೋದ ಆರೋಗ್ಯಾಧಿಕಾರಿಗಳು ಉಗಾಂಡಾಕ್ಕೆ ಸುದ್ದಿ ಮುಟ್ಟಿಸಿದ್ದರಿಂದಲೂ, ಆಸ್ಪತ್ರೆಯವರು ಎಚ್ಚರದಿಂದಿದ್ದುದರಿಂದಲೂ ಆ ಕುಟುಂಬದ ಐದು ವರ್ಷದ ಬಾಲಕನ ಸೋಂಕು ಬೇಗನೆ ಪತ್ತೆಯಾಯಿತು. ಬಾಲಕನೂ ಅವನ ಅಜ್ಜಿಯೂ ಬದುಕುಳಿಯಲಿಲ್ಲ. ಉಳಿದ ಬಂಧುಗಳನ್ನು ಎರಡೂ ಸರ್ಕಾರಗಳ ಒಪ್ಪಂದದಂತೆ ಚಿಕಿತ್ಸೆಗಾಗಿ ಕಾಂಗೋಗೆ ಕಳುಹಿಸಲಾಯಿತು, ಮತ್ತು ಆ ಕುಟುಂಬದಿಂದ ಉಗಾಂಡಾದ ಯಾರಿಗೂ ರೋಗ ಹರಡಲಿಲ್ಲ.