ನೂರು ವ್ಯಾಟ್‌ನ ಅಬ್ಬರ ತಗ್ಗಿಸುವುದು ಹೇಗೆ?

ಪ್ರಶ್ನೆ: ನನ್ನ 100 ವ್ಯಾಟ್‌ನ ವಾಲ್ವ್ ಗಿಟಾರ್ ಆಂಪ್ಲಿಫೈಯರ್ ಜೋರಾಗಿಟ್ಟಾಗ ಮಾತ್ರ ಚೆನ್ನಾಗಿ ನುಡಿಯುತ್ತದೆ. ಮನೆಯಲ್ಲಿ ನುಡಿಸಲು ಪವರ್ ಇಳಿಸುವ ಯಾವ ಕಿಟ್ ಕೊಳ್ಳಲಿ?

ಉತ್ತರ: ಪವರ್ ಅರ್ಧವಾದರೆ ಸದ್ದು ಇಳಿಯುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅರ್ಧದಷ್ಟು ಅನ್ನಿಸಲು 100 ವ್ಯಾಟ್ ಸುಮಾರು 10ಕ್ಕೆ ಇಳಿಯಬೇಕು. ಹಾಗಾಗಿ ಅರ್ಧ ಪವರ್ ಸ್ವಿಚ್ ಮನೆಗೆ ಸಾಲದು.

ಉಳಿದದ್ದು ಎರಡು ದಾರಿ. ವೋಲ್ಟೇಜ್ ಇಳಿಸುವ ಕಿಟ್ ಮಾಸ್‌ಫೆಟ್ ಮೂಲಕ ವಾಲ್ವ್‌ಗಳ ಹೈ ವೋಲ್ಟೇಜನ್ನೇ ತಗ್ಗಿಸುತ್ತದೆ. ಬಯಾಸ್ ಎಂದರೆ ವಾಲ್ವ್‌ನ ಕರೆಂಟನ್ನು ಹಿಡಿತದಲ್ಲಿಡುವ ವೋಲ್ಟೇಜ್. ಅದು ತಾನಾಗಿಯೇ ಹೊಂದಿಕೊಳ್ಳುವ, ಕ್ಯಾಥೋಡ್ ಬಯಾಸ್ ಇರುವ ಸಣ್ಣ ಆಂಪ್‌ಗೆ ಈ ಕಿಟ್ ಸಲೀಸು. ಫಿಕ್ಸೆಡ್ ಬಯಾಸ್ ಆದರೆ ಬಯಾಸನ್ನೂ ಜೊತೆಗೇ ಇಳಿಸುವ ಕಿಟ್ ಬೇಕು. ಮಾಸ್‌ಫೆಟ್‌ಗೆ ಹೀಟ್‌ಸಿಂಕ್ ಕಡ್ಡಾಯ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಹಾಗಾಗಿ ಕಿಟ್ ಜೋಡಣೆಯನ್ನು ನುರಿತ ಮೆಕ್ಯಾನಿಕ್‌ಗೇ ಬಿಡಿ.

ಎರಡನೆಯ ದಾರಿ ಅಟೆನ್ಯುಯೇಟರ್. ಇದಕ್ಕಾದರೆ ಆಂಪ್ ಬಿಚ್ಚಬೇಕಿಲ್ಲ. ಅದು ಆಂಪ್‌ಗೂ ಸ್ಪೀಕರ್‌ಗೂ ನಡುವೆ ಕೂತು ಹೆಚ್ಚಿನ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಅದರ ಓಮ್ ಆಂಪ್ ಮತ್ತು ಸ್ಪೀಕರ್‌ನ ಓಮ್‌ಗೆ ಹೊಂದಬೇಕು. ವಾಲ್ಯೂಮ್ ಪೂರ್ತಿ ಏರಿಸಿದ ಆಂಪ್ 100 ವ್ಯಾಟ್ ಮೀರುವುದರಿಂದ ಅಟೆನ್ಯುಯೇಟರ್‌ನ ತಾಳಿಕೆ ಸಾಕಷ್ಟು ಹೆಚ್ಚಿರಲಿ. ವಾಲ್ವ್‌ಗಳ ಸವೆತ ಮಾತ್ರ ತಪ್ಪದು.

100 ವ್ಯಾಟ್‌ನ ಆಂಪ್‌ಗಳಲ್ಲಿ ಸಾಮಾನ್ಯವಾಗಿ ಫಿಕ್ಸೆಡ್ ಬಯಾಸೇ ಇರುವುದರಿಂದ ನಿಮಗೆ ಅಟೆನ್ಯುಯೇಟರ್ ವಾಸಿ. ಆದರೂ ಸದ್ದು ತಗ್ಗಿದಾಗ ನಮ್ಮ ಕಿವಿಗೆ ಬಾಸ್ ಕಡಿಮೆ ಕೇಳುತ್ತದೆ. ಟೋನ್ ಗುಂಡಿಯನ್ನು ತುಸು ತಿರುಗಿಸಿಕೊಳ್ಳಿ.