ಭಾಷಾಜ್ಞಾನಕ್ಕೊಂದು ಅಳತೆಗೋಲು

ಕನ್ನಡದಲ್ಲಿ ೩೫ ಅಂಕ ಪಡೆದ ವಿದ್ಯಾರ್ಥಿಯು ಕನ್ನಡದಲ್ಲಿ ಏನು ಮಾಡಬಲ್ಲನು? ಪತ್ರ ಬರೆಯಬಲ್ಲನೇ, ಪತ್ರಿಕೆಯ ಸುದ್ದಿಯನ್ನು ಓದಿ ಹೇಳಬಲ್ಲನೇ ಎಂದು ಯಾರಾದರೂ ಕೇಳಿದರೆ, ಉಪಾಧ್ಯಾಯರಾದ ನಾವು ಅಂಕಪಟ್ಟಿಯನ್ನು ನೋಡಿ ಉತ್ತರ ಹೇಳಲಾರೆವು. ಒಂದು ಶಾಲೆಯ ೩೫ಕ್ಕೂ ಇನ್ನೊಂದು ಶಾಲೆಯ ೩೫ಕ್ಕೂ ಸಂಬಂಧವಿರಲೇಬೇಕೆಂದಿಲ್ಲ.

ಗಡಿ ದಾಟಿದೊಡನೆ ಭಾಷೆ ಬದಲಾಗುವ ಯೂರೋಪಿನವರಿಗೂ ಈ ತೊಡಕೇ ಎದುರಾಯಿತು. ಎಲ್ಲರಿಗೂ ಸಮಾನವಾದ ಅಳತೆಯೊಂದು ಬೇಕೆಂದು ೧೯೯೧ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಸೇರಿದ ಗೋಷ್ಠಿಯು ಸಲಹೆ ಮಾಡಿತು. ಕೌನ್ಸಿಲ್ ಆಫ್ ಯೂರೋಪ್ ಸಂಸ್ಥೆಯು ೨೦೦೧ರಲ್ಲಿ ಅದನ್ನು ಪ್ರಕಟಿಸಿತು. ಎ೧ರಿಂದ ಸಿ೨ರವರೆಗೆ ಆರು ಮೆಟ್ಟಿಲುಗಳು. ಪ್ರತಿಯೊಂದರ ಲಕ್ಷಣವನ್ನೂ ‘ಬಲ್ಲನು’ ಎಂಬ ಕ್ರಿಯೆಯಿಂದಲೇ ಹೇಳಿದೆ. ತನ್ನ ಹೆಸರು, ವಾಸಸ್ಥಳಗಳನ್ನು ಹೇಳಿಕೊಳ್ಳಬಲ್ಲವನು ಮೊದಲನೆಯ ಮೆಟ್ಟಿಲಿನವನು. ಪರಿಚಿತ ವಿಷಯವನ್ನು ಕುರಿತು ಸುಸಂಬದ್ಧವಾಗಿ ನಾಲ್ಕು ಮಾತು ಬರೆಯಬಲ್ಲವನು ಮೂರನೆಯದರವನು. ಎಷ್ಟು ಸೂತ್ರಗಳು ಕಂಠಪಾಠವಾಗಿವೆ ಎಂಬ ಪ್ರಶ್ನೆಯೇ ಇಲ್ಲಿಲ್ಲ.

ಈ ಮೆಟ್ಟಿಲುಗಳನ್ನು ಪಂಡಿತರು ಕುಳಿತಲ್ಲೇ ಕಟ್ಟಲಿಲ್ಲವೆಂಬುದು ನಮಗೆ ಮೆಚ್ಚುಗೆಯಾದ ಸಂಗತಿ. ೧೯೯೩ರಿಂದ ೧೯೯೬ರವರೆಗೆ ಸ್ವಿಟ್ಜರ್‌ಲೆಂಡಿನ ಭಾಷಾಶಿಕ್ಷಕರು ಇಂಥ ವಾಕ್ಯಗಳಲ್ಲಿ ಸ್ಪಷ್ಟವಾದುವನ್ನು ಆರಿಸಿ, ತಮ್ಮ ವಿದ್ಯಾರ್ಥಿಗಳಿಗೆ ಹೊಂದಿಸಿ ನೋಡಿದರು. ಆಮೇಲೆ ಗಣಿತದ ಲೆಕ್ಕಾಚಾರದಿಂದ ಕ್ರಮ ನಿಶ್ಚಯವಾಯಿತು.

ಈ ಅಳತೆಯು ಕೇಳುವುದು, ಓದುವುದು, ಮಾತನಾಡುವುದು, ಬರೆಯುವುದು ಇವನ್ನು ಬೇರೆ ಬೇರೆಯಾಗಿ ತೂಗುತ್ತದೆ. ಗಡಿನಾಡಿಗೆ ಬೇಕಾದುದು ಇದೇ. ಅಕ್ಕಲಕೋಟೆಯ ಕಡೆಯ ಕನ್ನಡ ಮನೆಮಾತಿನ ಹುಡುಗನು ಸಂತೆಯಲ್ಲಿ ನಿರರ್ಗಳವಾಗಿ ವ್ಯವಹರಿಸಿಯಾನು. ಮರಾಠಿ ಶಾಲೆಯಲ್ಲಿ ಕಲಿತವನಾದರೆ ಕನ್ನಡದ ಅಕ್ಷರವೇ ಬಾರದಿರಬಹುದು. ಕಾಸರಗೋಡಿನಲ್ಲಿ ಮನೆಯೊಳಗೆ ತುಳುವನ್ನೋ ಕೊಂಕಣಿಯನ್ನೋ ಆಡುವ ಮಗು ಪುಸ್ತಕದ ಕನ್ನಡವನ್ನು ಚೆನ್ನಾಗಿ ಓದಿಯೂ ಬಾಯಿಬಿಡಲು ಹಿಂಜರಿದೀತು. ಇಬ್ಬರಿಗೂ ‘ಕನ್ನಡದಲ್ಲಿ ಹಿಂದೆ’ ಎಂದು ಒಂದೇ ಷರಾ ಬರೆದರೆ, ಒಬ್ಬನಿಗೆ ಅಕ್ಷರಾಭ್ಯಾಸವೂ ಮತ್ತೊಬ್ಬನಿಗೆ ಸಂಭಾಷಣೆಯೂ ಬೇಕೆಂಬುದು ತಿಳಿಯುವ ಬಗೆ ಹೇಗೆ?

ಹಾಗೆಂದು ಇದನ್ನು ಇದ್ದಂತೆಯೇ ಎತ್ತಿ ತರಲಾಗದು. ಪರಭಾಷೆ ಕಲಿಯುವವರಿಗಾಗಿ ಹುಟ್ಟಿದ ಅಳತೆ ಇದು. ನಮ್ಮ ಆಡುನುಡಿಗೂ ಗ್ರಾಂಥಿಕ ಭಾಷೆಗೂ ಇರುವ ದೂರವನ್ನು ಲೆಕ್ಕಕ್ಕೆ ತಂದು, ವಾಕ್ಯಗಳನ್ನು ನಮ್ಮ ಮಕ್ಕಳ ಮೇಲೆಯೇ ಒರೆಹಚ್ಚಬೇಕಾದೀತು. ೨೦೨೦ರ ಪೂರಕ ಸಂಪುಟದಲ್ಲಿ ನಮಗೆ ಇನ್ನಷ್ಟು ಹತ್ತಿರವಾದ ಭಾಗವೊಂದಿದೆ: ಒಂದು ಭಾಷೆಯಲ್ಲಿ ಓದಿದುದನ್ನು ಇನ್ನೊಂದರಲ್ಲಿ ತಿಳಿಯಹೇಳುವ ಶಕ್ತಿಗೂ ಅಲ್ಲಿ ಮೆಟ್ಟಿಲುಗಳುಂಟು. ತಮಿಳಿನಲ್ಲಿ ಬಂದ ಸರಕಾರಿ ಕಾಗದವನ್ನು ಓದಿ ಅಜ್ಜಿಗೆ ಕನ್ನಡದಲ್ಲಿ ಬಿಡಿಸಿ ಹೇಳುವ ತಾಳವಾಡಿಯ ಹುಡುಗಿ ಮಾಡುವ ಕೆಲಸವೂ ಅದೇ. ಅದನ್ನು ಬರೆದುಕೊಳ್ಳಲು ನಮ್ಮ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ.