ಕಣ್ಣು ಹಳದಿಯಾಗದ ಹೆಪಟೈಟಿಸ್

ಪ್ರಶ್ನೆ: ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಆಸ್ಪತ್ರೆಗಳ ಹೊರರೋಗಿಗಳಲ್ಲಿ ಹೆಪಟೈಟಿಸ್ ಎಷ್ಟು ಸಾಮಾನ್ಯ?

ಉತ್ತರ: ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ 2.98 ಕೋಟಿ ಮಂದಿಗೆ ಹೆಪಟೈಟಿಸ್ ‘ಬಿ’, 55 ಲಕ್ಷ ಮಂದಿಗೆ ‘ಸಿ’ ಇತ್ತು. ಅಂದರೆ ನೂರು ಜನರಲ್ಲಿ ಇಬ್ಬರಿಗೆ ‘ಬಿ’, ಇನ್ನೂರೈವತ್ತು ಜನರಲ್ಲಿ ಒಬ್ಬರಿಗೆ ‘ಸಿ’. ಇದು ಇಡೀ ದೇಶದ ಲೆಕ್ಕ, ಆ ಆಸ್ಪತ್ರೆಗಳದ್ದಲ್ಲ. ಆಸ್ಪತ್ರೆಯ ಲೆಕ್ಕ ಊರಿನ ಲೆಕ್ಕವೂ ಅಲ್ಲ. ಕಾಯಿಲೆಯವರೇ ಅಲ್ಲಿಗೆ ಹೆಚ್ಚು ಬರುತ್ತಾರೆ.

ಅನೇಕರಿಗೆ ವಿಷಯ ತಿಳಿಯುವುದು ಬೇರೆ ಕಾರಣಕ್ಕೆ ರಕ್ತ ಕೊಟ್ಟಾಗ. ಹರ್ನಿಯಾ ಆಪರೇಷನ್ನಿಗೆ ಬಂದವರ ಅಥವಾ ಗರ್ಭಿಣಿಯ ರಕ್ತದ ಹನಿಯನ್ನು ಪುಟ್ಟ ಪಟ್ಟಿಯ ಮೇಲೆ ಬಿಟ್ಟು ಇಪ್ಪತ್ತು ನಿಮಿಷ ಕಾದರೆ, ಸೋಂಕಿದ್ದಲ್ಲಿ ಒಂದರ ಬದಲು ಎರಡು ಗೆರೆ ಮೂಡುತ್ತವೆ. ಅಂಥ ಹೆಚ್ಚಿನವರ ಕಣ್ಣು ಹಳದಿಯಾಗಿರುವುದೇ ಇಲ್ಲ. ಕೊಳಚೆ ಬೆರೆತ ನೀರಿನಿಂದ ಬರುವ ಕಾಮಣಿ ಬೇರೆ. ಅದು ‘ಎ’ ಮತ್ತು ‘ಇ’, ಸಾಮಾನ್ಯವಾಗಿ ತಾನೇ ವಾಸಿಯಾಗುತ್ತದೆ. ಆದರೆ ಗರ್ಭಿಣಿಯರಿಗೆ ‘ಇ’ ಪ್ರಾಣಾಪಾಯ ತರಬಲ್ಲದು.

2018ರ ಜುಲೈ 28ರಂದು ಆರಂಭವಾದ ಹೆಪಟೈಟಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಮಾತ್ರೆ ತೆಗೆದುಕೊಂಡರೆ ‘ಸಿ’ ಬಹುತೇಕ 12 ವಾರಗಳಲ್ಲಿ ಗುಣವಾಗುತ್ತದೆ. ‘ಬಿ’ಗೆ ಲಸಿಕೆಯಿದೆ. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ತಪ್ಪದೆ ಹಾಕಿಸಿ.